ಎಡಕವ್ವಾ, ಎಡಕ

ಇವತ್ತು ಭಾನುವಾರ. ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ನಾಲ್ಕನೇ ಇಯತ್ತೆಯ ಮಕ್ಕಳ ಶುದ್ಧಬರಹ ತಿದ್ದುತ್ತಿದ್ದೆ. ಒಳಗಿನಿಂದ ಒಂದು ವಾಸನೆ ಬಂತು. ನಮ್ಮ ಕಡೆಯ ಅಡುಗೆಮನೆಗಳ ವಾಸನೆ ನಿಮಗೆ ಗೊತ್ತಿರಬಹುದು: ಹೆಂಚಿನ ಮೇಲೆ ರೊಟ್ಟಿ ಉಬ್ಬುವುದು, ಶೇಂಗಾ ಹುರಿಯುವುದು, ಕರಿ ಮಸಾಲೆ ಕುಟ್ಟುವಾಗ ಮೂಗಿಗೆ ಏರುವ ಘಾಟು. ಇದು ಅದ್ಯಾವುದೂ ಅಲ್ಲ. ಸಿರ್ಕಾದಲ್ಲಿ, ಅಂದರೆ ವಿನೆಗರಿನಲ್ಲಿ, ಬೆಳ್ಳುಳ್ಳಿ, ಕರಿಮೆಣಸು, ಕೋಳಿ ಒಟ್ಟಿಗೆ ಕುದಿಯುವ ಹುಳಿಹುಳಿಯಾದ ವಾಸನೆ. ಮೊದಲ ಸಲ ಈ ವಾಸನೆ ಎದ್ದಾಗ ನಮ್ಮವ್ವ ಮೂಗಿಗೆ ಸೆರಗು ಹಿಡಿದು ಕುರಿಹಟ್ಟಿಗೆ ಹೋಗಿ ಕೂತಿದ್ದಳು. ಈಗ ಅವಳೇ ಶನಿವಾರ ಸಂಜೆ, “ನಾಳಿಗಿ ಆ ಹುಳಿ ಕೋಳಿ ಮಾಡತಿ ಇಲ್ಲೋ?” ಎಂದು ಕೇಳುತ್ತಾಳೆ. ಅಡುಗೆ ಮಾಡುವವಳು ನನ್ನ ತಮ್ಮನ ಹೆಂಡತಿ ರೋಸಲಿ. ಅವ್ವನ ಬಾಯಲ್ಲಿ ರೋಸವ್ವ.

ರೋಸವ್ವ ಫಿಲಿಪ್ಪೀನ್ಸಿನವಳು. ಅದು ಎಲ್ಲಿದೆಯೆಂದು ಸಾಲಿಯ ಭೂಗೋಳದ ಮೇಲೆ ಮಕ್ಕಳಿಗೆ ತೋರಿಸಿದ್ದೇನೆ. ತೋರಿಸುವ ಮುಂಚೆ ಒಬ್ಬನೇ ಕೂತು ಹುಡುಕಿಕೊಂಡಿದ್ದೆ ಎಂಬುದನ್ನು ಮಕ್ಕಳಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ನನ್ನ ತಮ್ಮ ಬೀರು ಬಹರೇನಿನಲ್ಲಿ ಎಸಿ, ಫ್ರಿಜ್ಜು ರಿಪೇರಿ ಮಾಡುವ ಕೆಲಸದಲ್ಲಿದ್ದ. ಅವಳು ಅದೇ ಊರಲ್ಲಿ ಹನ್ನೊಂದು ವರ್ಷ ಶಾಲಾ ಮಕ್ಕಳ ವ್ಯಾನು ಓಡಿಸಿದವಳು. ವ್ಯಾನಿನ ಎಸಿ ಕೆಟ್ಟಾಗ ಇವನು ಹೋದ. ಅದು ಪದೇ ಪದೇ ಕೆಡತೊಡಗಿತು. ಹೇಗೆ ಅಷ್ಟು ಸಲ ಕೆಟ್ಟಿತು ಎಂದು ನಾನು ಕೇಳಿಲ್ಲ, ಅವನೂ ಹೇಳಿಲ್ಲ. ಮದುವೆಯಾದರು. ಆಮೇಲೆ ಅವಳ ವ್ಯಾನಿನ ಕೆಲಸ ನಿಂತಿತು, ಕೆಲಸದೊಡನೆ ಅಲ್ಲಿರುವ ಪರವಾನಗಿಯೂ ಮುಗಿಯಿತು. ಇನ್ನು ಒಂದೂವರೆ ವರ್ಷ ದುಡಿದು ತಾನೂ ಬಂದು ಅಕ್ಕಲಕೋಟದಲ್ಲಿ ಅಂಗಡಿ ಹಾಕುತ್ತೇನೆಂದು ಬೀರು ಅವಳನ್ನು ನಮ್ಮ ಮನೆಗೆ ತಂದುಬಿಟ್ಟು, ಒಂದು ಹಳೆಯ ಬಿಳಿ ಕಾರು ಕೊಂಡು ಅಂಗಳದಲ್ಲಿ ನಿಲ್ಲಿಸಿ, ಮತ್ತೆ ವಿಮಾನ ಹತ್ತಿದ. ಇದು ಮೂರು ವರ್ಷದ ಹಿಂದಿನ ಮಾತು.

ನಮ್ಮೂರು ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೋಗುವ ರಸ್ತೆಯಿಂದ ಮೂರು ಕಿಲೋಮೀಟರು ಒಳಗಿದೆ. ಎಸ್ಟಿ ಬಸ್ಸು ದಿನಕ್ಕೆ ಎರಡು ಸಲ ಬರುತ್ತದೆ, ಮನಸ್ಸಾದರೆ. ಮನೆಯಲ್ಲಿ ಆಗ ಇದ್ದವರು ಅವ್ವ, ನಾನು, ನನ್ನ ಹೆಂಡತಿ ಶಾಂತಾ, ಮತ್ತು ಅರವತ್ತು ಕುರಿ. ಶಾಂತಾ ಬೆಳಿಗ್ಗೆಯೇ ಅಂಗನವಾಡಿಗೆ ಹೋಗುವವಳು. ಕಾರಿನ ಬಾಗಿಲು ತೆರೆದರೆ ಸಾಕು, ಆ ವಾಸನೆಗೇ ಅವಳಿಗೆ ವಾಂತಿ ಬರುತ್ತದೆ. ಹೀಗಾಗಿ ಈ ಕತೆಯಲ್ಲಿ ಅವಳು ಕಾರಿನ ಹೊರಗೇ ಇರುತ್ತಾಳೆ. ಅವ್ವನಿಗೆ ಕನ್ನಡ ಬರುತ್ತದೆ, ಬಾಜಾರಿಗೆ ಬೇಕಾದಷ್ಟು ಮರಾಠಿ ಬರುತ್ತದೆ. ರೋಸಲಿಗೆ ಅವಳ ಭಾಷೆ, ಇಂಗ್ಲಿಷು, ಜೊತೆಗೆ ಗಲ್ಫಿನಲ್ಲಿ ಕಲಿತ ಅರೆಬರೆ ಹಿಂದಿ. ಅತ್ತೆ ಸೊಸೆ ಮೊದಲ ತಿಂಗಳೆಲ್ಲ ಒಬ್ಬರನ್ನೊಬ್ಬರು ನೋಡಿ ನಕ್ಕರು. ನಗುವುದಕ್ಕೂ ಒಂದು ಮಿತಿ ಇದೆಯಲ್ಲ. ಎರಡನೇ ತಿಂಗಳಿಗೆ ಅದೂ ಕಡಿಮೆಯಾಯಿತು. ರೋಸಲಿ ಮಧ್ಯಾಹ್ನಗಳಲ್ಲಿ ಅಂಗಳದ ಕಾರಿನ ಬಾನೆಟ್ಟಿಗೆ ಒರಗಿ ನಿಂತು ರಸ್ತೆಯ ಕಡೆ ನೋಡುತ್ತಿರುತ್ತಿದ್ದಳು. ಅವಳಿಗೆ ಬರುವ ಒಂದೇ ಕೆಲಸ ಅಲ್ಲಿ ಧೂಳು ಹಿಡಿದು ನಿಂತಿತ್ತು.

ಒಂದು ದಿನ ಅವಳು ನನ್ನ ಮುಂದೆ ಎರಡು ಕಾರ್ಡು ಇಟ್ಟಳು. ಒಂದು ಅವಳ ದೇಶದ ಡ್ರೈವಿಂಗ್ ಲೈಸೆನ್ಸು, ಇನ್ನೊಂದು ಬಹರೇನಿನದು.

“ಕುಯಾ, ಇವನ್ನ ಇಲ್ಲಿಯ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬೇಕು. ನನ್ನನ್ನ ಕರೆದುಕೊಂಡು ಹೋಗು.”

ಅವಳು ನನ್ನೊಡನೆ ಆಡುತ್ತಿದ್ದುದು ಇಂಗ್ಲಿಷು, ಹಿಂದಿ ಕಲಸಿದ ಮಾತು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ‘ಕುಯಾ’ ಎಂಬುದೊಂದು ಮಾತ್ರ ಅವಳ ಭಾಷೆಯದು. ಅದರ ಅರ್ಥ ಆಗ ನನಗೂ ತಿಳಿದಿರಲಿಲ್ಲ. ಯಾವುದೋ ಮರ್ಯಾದೆಯ ಮಾತಿರಬೇಕು ಎಂದುಕೊಂಡು ಓಗೊಡುತ್ತಿದ್ದೆ.

ಸೊಲ್ಲಾಪುರದ ಸಾರಿಗೆ ಕಚೇರಿಗೆ ಎಸ್ಟಿಯಲ್ಲಿ ಹೋದೆವು. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ಒಳ್ಳೆಯ ಮನುಷ್ಯ. ಎರಡೂ ಕಾರ್ಡುಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಪಕ್ಕದ ಮೇಜಿನವರಿಗೂ ತೋರಿಸಿ, ಕೊನೆಗೆ ಬೇಸರದಿಂದಲೇ ಹೇಳಿದ.

“ಗುರೂಜಿ, ಇವು ಚಾಲೂ ಇದ್ದಿದ್ರ ಇದರ ಮ್ಯಾಲೇ ಇಲ್ಲಿಂದು ಮಾಡಿಕೊಡಾಕ ದಾರಿ ಇತ್ರಿ. ಎರಡರದೂ ಮುದತ್ ಮುಗದೈತಿ. ಆತಾ ಪಹಿಲ್ಯಾಪಾಸೂನ್. ಮದಲಿಂದ ಸುರು ಮಾಡ್ಬೇಕು. ಲರ್ನಿಂಗ್, ಆಮ್ಯಾಲ ಟೆಸ್ಟ್.”

ಕಾಗದಪತ್ರ, ವೀಸಾ, ಮದುವೆಯ ದಾಖಲೆ ಎಂದು ಓಡಾಡುವ ಏಳೆಂಟು ತಿಂಗಳಲ್ಲಿ ಎರಡೂ ಕಾರ್ಡುಗಳ ಅವಧಿ ತೀರಿಹೋಗಿತ್ತು. ಹನ್ನೊಂದು ವರ್ಷ ಗಾಡಿ ಓಡಿಸಿದವಳು ಹದಿನೆಂಟರ ಹುಡುಗರ ಜೊತೆ ಸಾಲಿನಲ್ಲಿ ನಿಂತು ಕಲಿಯುವವರ ಲೈಸೆನ್ಸಿಗೆ ಅರ್ಜಿ ಹಾಕಿದಳು. ಕಂಪ್ಯೂಟರಿನ ಮುಂದೆ ಕೂತು ಕೊಟ್ಟ ಪ್ರಶ್ನೆಗಳಿಗೆಲ್ಲ ಸರಿಯುತ್ತರ ಒತ್ತಿದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ಕಾಗದ, ಕೆಂಪು ಬಣ್ಣದ ‘ಎಲ್’ ಅಕ್ಷರದ ಎರಡು ಚೀಟಿ.

ಗುಮಾಸ್ತ ಹಿಂದಿನಿಂದ ಕೂಗಿ ಹೇಳಿದ: “ಒಬ್ಬಾಕೀನ ಹೊಡಿಯುವಂಗಿಲ್ಲ ಮತ್ತ. ಬಾಜೂಕ ಪಕ್ಕಾ ಲೈಸೆನ್ಸ್ ಇದ್ದವರು ಕುಂಡ್ರಬೇಕು. ನಿಮ್ಮ ಹಂತ್ಯಾಕ ಐತಿಲ್ಲ ಗುರೂಜಿ?”

“ಐತಿ,” ಎಂದೆ.

ಇತ್ತು. ಸುಳ್ಳಲ್ಲ. ನನ್ನ ಪಾಕೀಟಿನಲ್ಲಿ ಹತ್ತಿರಹತ್ತಿರ ಇಪ್ಪತ್ತು ವರ್ಷಗಳಿಂದ ಒಂದು ಪಕ್ಕಾ ಲೈಸೆನ್ಸು ಇತ್ತು. ಆದರೆ ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ.

ಇದನ್ನು ನಿಮಗೆ ಬಿಡಿಸಿ ಹೇಳಲೇಬೇಕು. ನಾನು ಹೊಸದಾಗಿ ನೌಕರಿಗೆ ಸೇರಿದ್ದು ಬೇರೆ ಜಿಲ್ಲೆಯಲ್ಲಿ. ಆ ಊರಿನ ಹೆಸರು ಬೇಡ. ಅಲ್ಲಿ ನನ್ನ ಕೋಣೆಯ ಗೆಳೆಯನೊಬ್ಬ ಇಂಥ ಕೆಲಸಗಳಲ್ಲಿ ಗಟ್ಟಿಗ. “ಫಟಫಟಿಗೆ ತಗೊಳ್ಳೋ ಹೊತ್ತಿಗೆ ಕಾರಿಂದೂ ಇರಲಿ ಬಿಡು, ಫಾರ್ಮ್ ಒಂದೇ,” ಎಂದು ನನ್ನಿಂದ ಎರಡು ಫೋಟೊ, ಒಂದು ಸಹಿ ತೆಗೆದುಕೊಂಡು ಹೋದ. ತಿಂಗಳೊಳಗೆ ಲೈಸೆನ್ಸು ಬಂತು. ನಾನು ಫಟಫಟಿ, ಎಂದರೆ ಬೈಕು, ಕಲಿತೆ. ಕಾರಿನ ಸ್ಟೇರಿಂಗು ಮುಟ್ಟಲಿಲ್ಲ. ಊರಿಗೆ ಬಂದಾಗ ಅವ್ವ ಆ ಕಾರ್ಡನ್ನು ಸೋದರಮಾವಂದಿರಿಗೆಲ್ಲ ತೋರಿಸಿ, “ನನ್ನ ಮಗಗ ಮೋಟಾರ್ ಹೊಡಿಯಾಕ ಸರಕಾರನ ಬರದುಕೊಟ್ಟೈತಿ,” ಎಂದು ಹೇಳಿಕೊಂಡಳು. ಆ ಸಂತೋಷದ ನಡುವೆ ನಾನು ಬಾಯಿಬಿಡಲಿಲ್ಲ. ಒಂದು ವರ್ಷ ಬಾಯಿಬಿಡದಿದ್ದರೆ ಎರಡನೇ ವರ್ಷ ಬಿಡುವುದು ಇನ್ನೂ ಕಷ್ಟ. ಇಪ್ಪತ್ತು ವರ್ಷ ಹಾಗೆ ಹೋಯಿತು. ಮಕ್ಕಳಿಗೆ ದಿನಾ ಸತ್ಯ ಹೇಳಬೇಕೆಂದು ಪಾಠ ಮಾಡುವ ಮಾಸ್ತರನ ಕಿಸೆಯಲ್ಲಿ ಅದು ಅಷ್ಟು ವರ್ಷ ಬೆಚ್ಚಗೆ ಕೂತಿತ್ತು.

ಹೀಗೆ, ಲೈಸೆನ್ಸು ಇದ್ದವನಿಗೆ ಗಾಡಿ ಬರದು. ಗಾಡಿ ಬರುವವಳಿಗೆ ಲೈಸೆನ್ಸಿಲ್ಲ. ಇಬ್ಬರೂ ಸೇರಿದರೆ ಒಬ್ಬ ಸಂಪೂರ್ಣ ಡ್ರೈವರ್ ಆಗುತ್ತಾನೆ ಎಂದು ನಾನು ಮನಸ್ಸಿನಲ್ಲೇ ಸಮಾಧಾನ ಹೇಳಿಕೊಂಡೆ.

ಮನೆಗೆ ಬಂದರೆ ಬೇರೆಯೇ ತೊಡಕು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ಸೆರಗು ಹೊದ್ದು ನಿಲ್ಲುತ್ತಾಳೆ. ಒಂದೇ ಜಮಖಾನೆಯ ಮೇಲೆ ಇಬ್ಬರೂ ಕೂರುವುದಿಲ್ಲ. ಕಾರಿನ ಮುಂದಿನ ಸೀಟುಗಳು ಒಂದೇ ಜಮಖಾನೆಯೋ, ಎರಡೋ? ಅವ್ವ ಕಾರಿನ ಸುತ್ತ ಒಂದು ಸುತ್ತು ಹಾಕಿ, ಒಳಗೆ ಇಣುಕಿ, ಎರಡು ಸೀಟಿನ ನಡುವೆ ಇರುವ ಗೇರಿನ ಕಡ್ಡಿಯನ್ನು ಪರಿಶೀಲಿಸಿ, “ನಡಬರಕ ಒಂದ್ ಕೋಲ್ ಐತಿ ಖರೆ, ಆದ್ರೂ ಮಂದಿ ಏನಂತಾರ?” ಎಂದಳು.

ಆಗ ರೋಸಲಿ ಏನೋ ಕೇಳಲು ನನ್ನನ್ನು “ಕುಯಾ” ಎಂದು ಕರೆದಳು.

“ಅದೇನದು, ದಿನಾ ಕುಯಾ ಕುಯಾ ಅಂತಾಳ?” ಅವ್ವ ಕೇಳಿದಳು.

ನಾನು ರೋಸಲಿಯನ್ನು ಕೇಳಿದೆ. ಅವಳು ಹೇಳಿದಳು. “ಅವರ ಮಾತಿನ್ಯಾಗ ಅಣ್ಣ ಅಂತ,” ಎಂದೆ.

“ಅಣ್ಣ ಅಂತಾಳ?” ಎಂದು ಅವ್ವ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. “ಹಂಗಾದ್ರ ಆತು ಬಿಡು. ಅಣ್ಣನ ಬಾಜೂಕ ತಂಗಿ ಕುಂಡ್ರಾಕ ಯಾರ್ ಏನಂತಾರ? ಆದ್ರೂ ಹಿಂದ ನಾ ಕುಂಡ್ರತೀನಿ.”

ಮರುದಿನ ಬೆಳಿಗ್ಗೆ ಏಳಕ್ಕೆ ನಮ್ಮ ಪಾಠ ಶುರುವಾಯಿತು. ರೋಸಲಿ ಕೀಲಿಕೈ ಹಿಡಿದು ಗತ್ತಿನಿಂದ ಬಂದು, ಎಡಗಡೆಯ ಬಾಗಿಲು ತೆರೆದು ಕೂತು, ಬಾಗಿಲು ಹಾಕಿಕೊಂಡು, ಎರಡೂ ಕೈ ಮುಂದೆ ಚಾಚಿದಳು. ಅಲ್ಲಿ ಸ್ಟೇರಿಂಗು ಇರಲಿಲ್ಲ. ಅವಳ ದೇಶದಲ್ಲೂ ಬಹರೇನಿನಲ್ಲೂ ಡ್ರೈವರ್ ಎಡಕ್ಕೆ ಕೂರುತ್ತಾನೆ, ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ಅವಳ ಕೈಕಾಲುಗಳಲ್ಲಿ ಹನ್ನೊಂದು ವರ್ಷದ ಬಲಗಡೆ ತುಂಬಿಕೊಂಡಿತ್ತು. ಗಾಡಿಯನ್ನು ಅವಳು ಬೆಣ್ಣೆಯಂತೆ ಓಡಿಸುತ್ತಿದ್ದಳು. ಗೇರು ಬದಲಿಸಿದ್ದೂ ತಿಳಿಯುತ್ತಿರಲಿಲ್ಲ. ಆದರೆ ಒಂದು ತಿರುವು ಬಂತೆಂದರೆ ಸಾಕು, ಗಾಡಿ ತಾನಾಗಿ ರಸ್ತೆಯ ಬಲಕ್ಕೆ ಹೋಗಿ ಸೇರುತ್ತಿತ್ತು. ಎದುರಿನಿಂದ ಕಬ್ಬಿನ ಟ್ರಾಲಿ.

ನನಗೆ ಆ ಹೊತ್ತಿನಲ್ಲಿ ಬಾಯೇ ಬರುತ್ತಿರಲಿಲ್ಲ. ಬಂದದ್ದು ಅವ್ವನಿಗೆ. ನಲವತ್ತು ವರ್ಷ ಕುರಿ ಕಾಯ್ದ ಗಂಟಲು ಅದು.

“ಎಡಕವ್ವಾ, ಎಡಕ! ಎಡಕ್ ತಗೀ!”

ಕಾರು ಎಡಕ್ಕೆ ಬಂತು. ರೋಸಲಿ ಕಲಿತ ಮೊದಲ ಕನ್ನಡ ಶಬ್ದ ಅದೇ. ಆಮೇಲೆ ‘ನಿಂದ್ರು’, ‘ಸಾವಕಾಸ’, ‘ಹಿಂದ ಸರಿ’, ‘ನಡಿ ನಡಿ ನಡಿ’. ಕುರಿಗಳಿಗೆ ಹೇಳುವುದೆಲ್ಲ ಸೊಸೆಗೂ ಹೇಳಿ ಮುಗಿಸಿದಳು ಅವ್ವ. ನಾನು ಕನ್ನಡ ಸಾಲಿಯ ಮಾಸ್ತರ, ‘ಅ ಆ ಇ ಈ’ ಬರೆದ ವಹಿ ಕೊಟ್ಟಿದ್ದೆ. ಅದು ಕಪಾಟಿನಲ್ಲೇ ಉಳಿಯಿತು. ಅವಳು ಕನ್ನಡ ಕಲಿತದ್ದು ಹಿಂದಿನ ಸೀಟಿನಿಂದ. ನಾನು ಎಡಗಡೆ ಕೂತು, ಎಲ್ಲ ಬಲ್ಲವನಂತೆ “ಹಾಂ, ಹಿಂಗ, ಹಿಂಗ” ಎಂದು ತಲೆಯಾಡಿಸುತ್ತಿದ್ದೆ. ಬಾಜಾರಿನಿಂದ ಡ್ರೈವಿಂಗ್ ಕಲಿಸುವ ಪುಸ್ತಕವೊಂದನ್ನು ತಂದು ಕದ್ದು ಓದಿಕೊಂಡಿದ್ದೆ.

ಆ ದಿನಗಳ ಒಂದು ಸಂಗತಿ ಮಾತ್ರ ಹೇಳುತ್ತೇನೆ. ಒಂದು ಬೆಳಿಗ್ಗೆ ದಾರಿಯಲ್ಲಿ ಕುರಿಹಿಂಡು ಎದುರಾಯಿತು. ನಮ್ಮವಲ್ಲ, ಯಾರೋ ವಲಸೆ ಹೊರಟವರದು, ಮುನ್ನೂರರ ಹತ್ತಿರ ಇದ್ದವು. ಈ ರಸ್ತೆಯಲ್ಲಿ ಹಿಂಡು ಸಿಕ್ಕರೆ ಗಾಡಿಯವರು ಹಾರ್ನು ಒತ್ತಿಹಿಡಿದು, ನಡುವೆ ನುಗ್ಗಿಸಿ, ಬಯ್ಯುತ್ತ ಹೋಗುವುದು ರೂಢಿ. ರೋಸಲಿ ಗಾಡಿಯನ್ನು ಪಕ್ಕಕ್ಕೆ ತಂದು, ಎಂಜಿನ್ನು ಬಂದ್ ಮಾಡಿ, ಕೈ ಮಡಿಲಲ್ಲಿಟ್ಟು ಕೂತಳು. ಕುರಿಗಳು ಕಾರಿಗೆ ಮೈ ಉಜ್ಜುತ್ತ ಎರಡೂ ಬದಿಯಿಂದ ಹಾದು ಹೋದವು. ಕೊನೆಯ ಕುಂಟ ಕುರಿಯೊಂದು ದಾಟುವವರೆಗೂ ಅವಳು ಕೀಲಿ ತಿರುವಲಿಲ್ಲ. ಯಾಕೆಂದು ಕೇಳಿದರೆ, “ಶಾಲೆ ಬಿಟ್ಟಾಗ ಮಕ್ಕಳು ಹೀಗೇ ಬರ್ತಾರೆ, ಕುಯಾ,” ಎಂದಳು. ನಾನು ಅದನ್ನು ಅಲ್ಲಿಗೇ ಮರೆತೆ.

ಟೆಸ್ಟಿನ ದಿನ ಮೂವರೂ ಸೊಲ್ಲಾಪುರಕ್ಕೆ ಹೋದೆವು. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು. ಸೊಲ್ಲಾಪುರದ ಬಿಸಿಲನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅವ್ವ ಬೇಲಿಯ ಹೊರಗೆ ಬೇವಿನ ನೆರಳಿನಲ್ಲಿ ಕಂಬಳಿ ಹಾಸಿಕೊಂಡು ಕೂತಳು. ನಾನು ಬೇಲಿಗೆ ಅಂಟಿಕೊಂಡು ನಿಂತೆ. ಇನ್ಸ್‌ಪೆಕ್ಟರ್ ಎಡಗಡೆ ಕೂತರು. ಎಂಟರ ಆಕಾರದಲ್ಲಿ ಓಡಿಸಿದಳು, ಗೆರೆ ಮುಟ್ಟಲಿಲ್ಲ. ಹಿಂದಕ್ಕೆ ತಂದಳು, ಗೂಟ ಅಲುಗಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಅವರು ಬಲಕ್ಕೆ ತಿರುಗುವ ಸೂಚನೆ ಕೊಟ್ಟು ಗೇಟಿನ ಕಡೆ ಬಾ ಎಂದರಂತೆ. ಅವಳ ಎಡಗೈ ಹಳೆಯ ಅಭ್ಯಾಸದಂತೆ ಸ್ಟೇರಿಂಗಿನ ಎಡಬದಿಯ ಕಡ್ಡಿಯನ್ನು ಒತ್ತಿತು. ಅವಳು ಓಡಿಸಿದ ಗಾಡಿಗಳಲ್ಲಿ ಅಲ್ಲಿ ಇಂಡಿಕೇಟರು ಇರುತ್ತಿತ್ತು. ನಮ್ಮ ಕಾರಿನಲ್ಲಿ ಅದು ವೈಪರು. ಬೆಂಕಿಯಂಥ ಬಿಸಿಲಿನಲ್ಲಿ, ಒಣ ಗಾಜಿನ ಮೇಲೆ ಎರಡೂ ವೈಪರುಗಳು ಕಿರ್ರ್ ಕಿರ್ರ್ ಎಂದು ಆಡತೊಡಗಿದವು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಆ ನಗು ಕೇಳಿ ಅವಳು ಗಾಬರಿಯಾದಳು. ಗಾಬರಿಯಲ್ಲಿ ಗಾಡಿ ಎಲ್ಲಿಗೆ ಹೋಯಿತೆಂದು ನೀವೇ ಊಹಿಸಬಲ್ಲಿರಿ. ರಸ್ತೆಯ ಬಲಕ್ಕೆ.

ಇನ್ಸ್‌ಪೆಕ್ಟರ್ ಇಳಿದು ಬಂದು ನನಗೆ ಹೇಳಿದರು: “ಗಾಡಿ ಛಂದ ಹೊಡೀತಾರ. ಆದ್ರ ಹಿಂಗ ರಸ್ತಾಕ ಬಿಟ್ರ ಜೀವಕ್ಕ ಧೋಕಾ ಐತಿ. ಒಂದ್ ಆಠವಡಾ, ಒಂದ್ ವಾರ ಬಿಟ್ಟು ಮತ್ತ ಬರ್ರಿ.” ಅವರದು ತಪ್ಪಿಲ್ಲ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ, ಹೇಳುವ ಯೋಗ್ಯತೆ ಇದ್ದಿದ್ದರೆ.

ಹಿಂದಿರುಗುವಾಗಲೂ ಅವಳೇ ಓಡಿಸಿದಳು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳ ಹತ್ತಿರ ಬಂದಾಗ ರೋಸಲಿ ಇಂಡಿಕೇಟರು ಹಾಕಿ, ಈ ಸಲ ಸರಿಯಾದ ಕಡ್ಡಿಯನ್ನೇ ಒತ್ತಿ, ಗಾಡಿ ಪಕ್ಕಕ್ಕೆ ನಿಲ್ಲಿಸಿದಳು. ಹಣೆಯನ್ನು ಸ್ಟೇರಿಂಗಿಗೆ ಒತ್ತಿಕೊಂಡು ಅಳತೊಡಗಿದಳು. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಖಟಖಟ ಬಡಿದುಕೊಳ್ಳುತ್ತಿದ್ದವು. ಅವಳ ಅಳುವಿನ ಸದ್ದು ನಮಗೆ ಕೇಳಿಸಲೇ ಇಲ್ಲ, ಹೆಗಲು ಅಲುಗುವುದಷ್ಟೇ ಕಂಡಿತು.

ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿ ಹೇಳಿದಳು: “ಕುಯಾ, ನಾನು ಇವತ್ತು ಬೀರುಗೆ ಫೋನು ಮಾಡ್ತೀನಿ. ನಮ್ಮೂರಿಗೆ ಟಿಕೆಟ್ಟು ತೆಗೆ ಅಂತೀನಿ. ಹನ್ನೊಂದು ವರ್ಷ ಮಂದಿಯ ಮಕ್ಕಳನ್ನ ಶಾಲೆಗೆ ಮುಟ್ಟಿಸಿದೆ, ಒಂದು ಮಗುವಿಗೂ ಗೀರು ಆಗಲಿಲ್ಲ. ಇಲ್ಲಿ ನನಗೆ ಮಾತು ಬರೋದಿಲ್ಲ. ರೊಟ್ಟಿ ತಟ್ಟಲಿಕ್ಕೆ ಬರೋದಿಲ್ಲ. ಬರೋದು ಇದೊಂದೇ ಇತ್ತು. ಈಗ ಇದೂ ಬರೋದಿಲ್ಲ ಅಂತ ಬರೆದುಕೊಟ್ಟರು. ಇನ್ನು ಈ ಮನೆಯಲ್ಲಿ ನಾನು ಯಾರು?”

“ಏನಂತಾಳ?” ಹಿಂದಿನಿಂದ ಅವ್ವ.

ನನಗೆ ಧೈರ್ಯ ಸಾಲಲಿಲ್ಲ. “ದಣದಾಳಂತ,” ಎಂದೆ.

“ದಣೀಲಾರದ ಏನು! ಅಕೀಗಿ ಸಾಕಾಗೈತಿ. ನೀ ಹೊಡೀ ಇನ್ನ. ಲೈಸನ್ ಇಟಗೊಂಡು ಸುಮ್ಮ ಕುಂತೀಯಲ್ಲ.”

ರೋಸಲಿಯೂ ಕೀಲಿಕೈ ತೆಗೆದು ನನ್ನ ಕೈಯಲ್ಲಿಟ್ಟಳು. “ನೀನು ಓಡಿಸು, ಕುಯಾ. ನನ್ನ ಕೈಲಿ ಆಗೋದಿಲ್ಲ.”

ಇಳಿದು ಜಾಗ ಬದಲಾಯಿಸಿದೆವು. ಈ ಕ್ಷಣದಲ್ಲಾದರೂ ಸತ್ಯ ಹೇಳಬಹುದಿತ್ತು. ಆದರೆ ಮನುಷ್ಯ ಎಂಥವನೆಂದರೆ, ಪುಸ್ತಕ ಓದಿದ್ದೇನಲ್ಲ, ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು ನೋಡಿದ್ದೇನಲ್ಲ, ಬಂದರೂ ಬಂದೀತು ಎಂಬ ಆಸೆ. ಕೀಲಿ ತಿರುವಿದೆ. ಕಾರು ಕೋಣನಂತೆ ಒಮ್ಮೆ ಮುಂದಕ್ಕೆ ಹಾರಿ ನಿಂತುಹೋಯಿತು. ಅವ್ವನ ಹಣೆ ನನ್ನ ಸೀಟಿಗೆ ಬಡಿಯಿತು. ಮತ್ತೊಮ್ಮೆ ತಿರುವಿದೆ. ಮತ್ತೊಮ್ಮೆ ಹಾರಿತು. ಮಗ್ಗದ ಶೆಡ್ಡಿನ ಬಾಗಿಲಲ್ಲಿ ನಾಲ್ಕು ಜನ ಬಂದು ನಿಂತರು.

ನಾನು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಮುಂದೆ ನೋಡುತ್ತ ಹೇಳಿದೆ: “ಅವ್ವಾ, ನನಗ ಕಾರ್ ಹೊಡಿಯಾಕ ಬರಂಗಿಲ್ಲ. ಎಂದೂ ಹೊಡದಿಲ್ಲ. ಆ ಲೈಸನ್ ಬರೇ ಫೋಟೋ ಕೊಟ್ಟು ತಗೊಂಡದ್ದು.” ಅದನ್ನೇ ರೋಸಲಿಗೂ ಹೇಳಿದೆ. ಎರಡು ಭಾಷೆಯಲ್ಲಿ ನಾಚಿಕೆಪಡುವುದು ಒಂದರಲ್ಲಿ ಪಡುವುದಕ್ಕಿಂತ ಕಷ್ಟ.

ಅವ್ವ ಹಣೆ ತಿಕ್ಕಿಕೊಳ್ಳುತ್ತ ಕೇಳಿದಳು: “ಮತ್ತ ಇಷ್ಟ್ ದಿನ ಬಾಜೂಕ ಕುಂತು ‘ಹಿಂಗ, ಹಿಂಗ’ ಅಂತಿದ್ದಿ?”

“ಪುಸ್ತಕದಾಗ ಓದಿದ್ದೆ.”

ಮೊದಲು ಒಂದು ಬಿಕ್ಕಿನಂಥ ಸದ್ದು ಕೇಳಿತು. ರೋಸಲಿ ಮತ್ತೆ ಅಳುತ್ತಿದ್ದಾಳೆ ಎಂದುಕೊಂಡೆ. ತಿರುಗಿ ನೋಡಿದರೆ ನಗುತ್ತಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲದ ನಗು. ನಮ್ಮ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವಳನ್ನು ನೋಡಿ ಅವ್ವನೂ ನಕ್ಕಳು. ನಾನೊಬ್ಬನೇ ನಗದೆ ಕೂತೆ; ಆಮೇಲೆ ನನಗೂ ತಡೆಯಲಾಗಲಿಲ್ಲ.

ನಗು ಇಳಿದ ಮೇಲೆ, ಹೇಗೂ ಒಂದು ಸತ್ಯ ಹೊರಗೆ ಬಿದ್ದಿತ್ತು, ಇನ್ನೊಂದನ್ನೂ ಹೇಳಿಬಿಟ್ಟೆ. “ಅವ್ವಾ, ಅಕಿ ಆಗ ದಣದೀನಿ ಅಂದಿಲ್ಲ. ತಮ್ಮೂರಿಗಿ ಹೋಗ್ತೀನಿ ಅಂದಾಳ. ತನಗ ಏನೂ ಬರಂಗಿಲ್ಲ, ಈ ಮನ್ಯಾಗ ತಾ ಯಾರು ಅಂತ ಕೇಳಾಕತ್ತಾಳ.”

ಅವ್ವ ಮುಂದೆ ಬಾಗಿ ರೋಸಲಿಯ ಹೆಗಲ ಮೇಲೆ ಕೈಯಿಟ್ಟಳು. “ನಾ ಹೇಳೂದು ಅಕೀಗಿ ಬರೋಬ್ಬರಿ ಹೇಳು. ಈ ಸಲ ಸುಳ್ಳ್ ಹೇಳಬ್ಯಾಡ. ನಿಮ್ಮಪ್ಪ ಇದ್ದಾಗ ಇದ ರಸ್ತಾದಾಗ ನಮ್ಮ ಹಿಂಡಿನ್ಯಾಗ ಲಾರಿ ಹೊಕ್ಕಿತ್ತು. ಇಪ್ಪತ್ತ್ಮೂರು ಕುರಿ. ನಾ ಕೈಯಾರೆ ಎತ್ತಿ ಬಾಜೂಕ ಹಾಕೀನಿ. ಅವತ್ತಿಂದ ನಾ ಯಾವ ಗಾಡ್ಯಾಗ ಕುಂತ್ರೂ ಕಣ್ಣ್ ಮುಚಗೊಂಡ ಕುಂಡ್ರತೀನಿ. ಎಸ್ಟ್ಯಾಗ ಸೊಲ್ಲಾಪುರತನ ಸೆರಗ ಮಾರಿ ಮ್ಯಾಲ. ಇಕಿ ಗಾಡ್ಯಾಗ ಮಾತ್ರ ನಾ ಕಣ್ಣ್ ತಗದು ಕುಂಡ್ರತೀನಿ. ಯಾಕಂದ್ರ ಇಕಿ ಕುರಿ ಕಂಡ್ರ ನಿಂದ್ರತಾಳ. ನಿಂದ್ರೂದು ಬರ್ತೈತಿ ಅಂದ್ರ ಎಲ್ಲಾ ಬಂದಂಗ. ರೊಟ್ಟಿ ನಾ ಬಡೀತೀನಿ. ಕೈ ಆಡೂತನ ಬಡೀತೀನಿ. ಇಕಿ ನನ್ನ ಕರಕೊಂಡ್ ತಿರಗಾಡಲಿ.”

ನನಗೆ ಇದು ಗೊತ್ತಿರಲಿಲ್ಲ. ಲಾರಿಯ ಸಂಗತಿ ಗೊತ್ತಿತ್ತು, ನಾನಾಗ ಚಿಕ್ಕವನು. ಕಣ್ಣು ಮುಚ್ಚಿ ಕೂರುವುದು ಗೊತ್ತಿರಲಿಲ್ಲ. ಎಷ್ಟು ಸಲ ಅವಳ ಪಕ್ಕದಲ್ಲಿ ಎಸ್ಟಿಯಲ್ಲಿ ಕೂತಿದ್ದೇನೆ; ಮುದುಕಿ ಬಿಸಿಲಿಗೆ ಮುಸುಕು ಹಾಕಿಕೊಂಡಿದ್ದಾಳೆ ಎಂದುಕೊಂಡಿದ್ದೆ. ಒಂದು ಮಾತೂ ಬಿಡದೆ ರೋಸಲಿಗೆ ಹೇಳಿದೆ. ಹೇಳುವಾಗ ನನ್ನ ಇಂಗ್ಲಿಷು ಎರಡು ಕಡೆ ನಿಂತುಹೋಯಿತು. ಅವಳು ಹೆಗಲ ಮೇಲಿನ ಕೈಯನ್ನು ಹಾಗೇ ಹಿಡಿದುಕೊಂಡು ಕೇಳಿದಳು. ಕೇಳಿ ಮುಗಿದ ಮೇಲೆ ಕಣ್ಣೊರೆಸಿಕೊಂಡು, ನನ್ನ ಮುಂದೆ ಅಂಗೈ ಚಾಚಿದಳು, ಕೀಲಿಕೈಗೆ. ಆ ದಿನ ಬೀರುಗೆ ಫೋನು ಹೋಯಿತು, ಆದರೆ ಟಿಕೆಟ್ಟಿನ ಮಾತು ಬರಲಿಲ್ಲ. ಅವನ ಅಣ್ಣನ ಲೈಸೆನ್ಸಿನ ಕತೆ ಬಂತು. ಬಹರೇನಿನಲ್ಲಿ ಅವನು ನಕ್ಕದ್ದು ನಮ್ಮ ಅಂಗಳದವರೆಗೂ ಕೇಳಿಸಿತು.

ಅವ್ವ ಕುರಿಯ ಕರಿ ಉಣ್ಣೆ ಹೊಸೆದು ಒಂದು ದಾರ ಮಾಡಿ ರೋಸಲಿಯ ಬಲಗೈ ಮುಂಗೈಗೆ ಕಟ್ಟಿದಳು. “ತಿರಗೂ ಹೊತ್ತಿನ್ಯಾಗ ಈ ಕೈ ಮದಲ. ಆ ಕೈಗಿ ಮಳಿ ಬಂದ್ರ ಅಷ್ಟ ಕೆಲಸ.” ಒಂದು ವಾರ ಬೆಳಿಗ್ಗೆ ಸಂಜೆ ತಿರುಗಿದೆವು. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಲೈಸೆನ್ಸು ಮಾತ್ರ ಕಿಸೆಯಲ್ಲಿತ್ತು. ಎರಡನೇ ಟೆಸ್ಟಿಗೆ ಅದೇ ಇನ್ಸ್‌ಪೆಕ್ಟರ್ ಇದ್ದರು. ಕಾರು ಹತ್ತುತ್ತ, “ಇವತ್ತ್ ಮಳಿ ಇಲ್ಲಲ್ಲ?” ಎಂದು ನಗೆಯಾಡಿದರಂತೆ. ರೋಸಲಿ ಅವ್ವನಿಂದ ಕಲಿತ ಕನ್ನಡದಲ್ಲೇ, “ಇಲ್ಲೋ ತಮ್ಮಾ, ಸುಮ್ಮ ಕುಂಡ್ರು,” ಎಂದಳಂತೆ. ಯಾರಿಗೆ ‘ರಿ’ ಹಚ್ಚಬೇಕೆಂಬ ಪಾಠ ಇನ್ನೂ ಆಗಿರಲಿಲ್ಲ. ಅವರಿಗೆ ಅದೆಷ್ಟು ಹಿಡಿಸಿತೆಂದರೆ, ಪಾಸು ಮಾಡಿದ ಕಾಗದ ಕೊಡುವಾಗ ತಾವೇ ಬೇವಿನ ಮರದವರೆಗೂ ಬಂದು ಅವ್ವನನ್ನು ಮಾತಾಡಿಸಿ ಹೋದರು. ಗಾಡಿ ಗೇಟಿನಿಂದ ಹೊರಗೆ ಬಂದು ಎಡಕ್ಕೆ ತಿರುಗಿದಾಗ ಅವ್ವ ಏನೂ ಕೂಗಲಿಲ್ಲ. ರೋಸಲಿಯೇ ಮೆಲ್ಲಗೆ ಹೇಳಿಕೊಂಡದ್ದು ಕೇಳಿಸಿತು: “ಎಡಕವ್ವಾ, ಎಡಕ.”

ಬೀರು ಹೇಳಿದ್ದಕ್ಕಿಂತ ತಡವಾಗಿ ಬಂದು, ಈಚೆಗೆ ಅಕ್ಕಲಕೋಟದಲ್ಲಿ ಅಂಗಡಿ ಹಾಕಿದ್ದಾನೆ. ಕೆಟ್ಟ ಫ್ರಿಜ್ಜು ತರುವುದು, ರಿಪೇರಿಯಾದದ್ದು ಮುಟ್ಟಿಸುವುದು ರೋಸಲಿಯ ಕೆಲಸ. ಈಗ ಒಂದು ಸಣ್ಣ ಟೆಂಪೋ ಇದೆ. ಸುತ್ತಲಿನ ಹಳ್ಳಿಗಳ ಹೆಂಗಸರು ಅವಳನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ಅವಳ ಕನ್ನಡದಲ್ಲಿ ಮರಾಠಿಯೂ ಬೆರೆತು, ಈಗ ನಮ್ಮೂರ ಯಾರ ಕನ್ನಡಕ್ಕೂ ಕಡಿಮೆಯಿಲ್ಲ.

ಇನ್ನು ನನ್ನ ವಿಷಯ. ಆ ದಿನ ಎಂಐಡಿಸಿಯ ಬಳಿ ಹೇಳಿದ ಮೇಲೆ ಕಿಸೆಯ ಕಾರ್ಡು ಕಿಸೆಯಲ್ಲಿ ಹಗುರಾಗಲಿಲ್ಲ, ಇನ್ನಷ್ಟು ಚುಚ್ಚತೊಡಗಿತು. ಹೋದ ವರ್ಷ ಅದರ ಅವಧಿ ಮುಗಿಯಿತು. ವರ್ಷದೊಳಗೆ ಅರ್ಜಿ ಹಾಕಿದರೆ ಟೆಸ್ಟಿಲ್ಲದೆ ನವೀಕರಣವಾಗುತ್ತದೆ. ನಾನು ಹಾಕಲಿಲ್ಲ. ವರ್ಷ ದಾಟಲು ಬಿಟ್ಟು, ನಾನೂ ಕೆಂಪು ‘ಎಲ್’ ಚೀಟಿ ಹಚ್ಚಿಕೊಂಡು, ಬೆಳಿಗ್ಗೆ ಬೆಳಿಗ್ಗೆ ರೋಸಲಿಯ ಪಕ್ಕದಲ್ಲಿ ಕೂತು ಕಲಿತೆ. ಅವಳು ಒಳ್ಳೆಯ ಶಿಕ್ಷಕಿ. ಬೈಯುವುದಿಲ್ಲ, ಕಾಲಿನಿಂದ ನೆಲವನ್ನು ಒತ್ತುತ್ತಾಳೆ ಅಷ್ಟೆ, ತನ್ನ ಕಡೆಯೂ ಒಂದು ಬ್ರೇಕು ಇದ್ದಂತೆ. ಐವತ್ತು ದಾಟಿದವನ ಕಾಲಿಗೆ ಕ್ಲಚ್ಚು ಬೇಗ ತಿಳಿಯುವುದಿಲ್ಲ. ಒಂದು ಹುಣಸೆ ಮರಕ್ಕೆ ಮತ್ತು ನನಗೆ ಈಗ ಒಳ್ಳೆಯ ಪರಿಚಯವಿದೆ.

ಟೆಸ್ಟಿನ ದಿನ ಇನ್ಸ್‌ಪೆಕ್ಟರ್ ನನ್ನ ಕಾಗದ ನೋಡಿ ಹೇಳಿದರು: “ಏನ್ ಗುರೂಜಿ, ಎರಡ್ ತಿಂಗಳ ಮದಲ ಬಂದಿದ್ರ ಈ ಟೆಸ್ಟೇ ಬೇಕಾಗಿರಲಿಲ್ಲಲ್ರಿ?”

“ಅದಕ್ಕಾಗೇ ಬರಲಿಲ್ರಿ ಸಾಹೇಬ್ರ,” ಎಂದೆ. “ಹಿಂದಿನದರಾಗ ನನ್ನ ಫೋಟೋ ಇತ್ತು. ಲೈಸೆನ್ಸ್ ನಂದಾಗಿರಲಿಲ್ಲ.”

ಅವರು ನನ್ನ ಮುಖ ನೋಡಿದರು. “ಹಂಗಾದ್ರ ಹೊಡದು ತೋರಸ್ರಿ,” ಎಂದರು. ತೋರಿಸಿದೆ. ಮೂರನೇ ಸಲಕ್ಕೆ ಪಾಸಾದೆ ಎಂದು ಬರೆದರೆ ಹಿಂದಿನ ಎರಡು ಸಲ ಏನಾಯಿತೆಂದು ನೀವು ಕೇಳುತ್ತೀರಿ, ಕೇಳಬೇಡಿ.

ನಿನ್ನೆ ಅಂಚೆಯಲ್ಲಿ ಹೊಸ ಕಾರ್ಡು ಬಂತು. ಇವತ್ತು ಮಧ್ಯಾಹ್ನ ಊಟ ಮುಗಿಸಿ, ರೋಸಲಿ ಬಿಳಿ ಕಾರಿನ ಕೀಲಿಕೈ ನನ್ನ ಮುಂದಿಟ್ಟು, “ಹೋಗಿ ಬಾ ಕುಯಾ. ನಾ ಬರಂಗಿಲ್ಲ, ಭಾಂಡಿ ತಿಕ್ಕೂದೈತಿ,” ಎಂದಳು. ಒಬ್ಬನೇ ಹೋದೆ. ದೊಡ್ಡ ರಸ್ತೆಯವರೆಗೆ ಮೂರು ಕಿಲೋಮೀಟರು, ಅಲ್ಲಿಂದ ತಿರುಗಿಸಿ ಮೂರು ಕಿಲೋಮೀಟರು. ಒಂದು ಎಸ್ಟಿ, ಒಂದು ಟಂಟಂ ರಿಕ್ಷಾ, ಒಬ್ಬ ಸೈಕಲ್ಲಿನವ ನನ್ನನ್ನು ದಾಟಿ ಹೋದರು. ನನಗೆ ಯಾವ ಅವಸರವೂ ಇರಲಿಲ್ಲ. ಜೋಳದ ಹೊಲಗಳನ್ನು ಇಷ್ಟು ನಿಧಾನವಾಗಿ ನೋಡಿ ಎಷ್ಟೋ ದಿನವಾಗಿತ್ತು.

ಅಂಗಳಕ್ಕೆ ಬಂದು ನಿಲ್ಲಿಸಿದಾಗ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಎದ್ದು ಬಂದು ಒಂದು ಕಿಟಕಿಯಿಂದ ಇಣುಕಿದಳು, ಸುತ್ತು ಹಾಕಿ ಇನ್ನೊಂದು ಕಿಟಕಿಯಿಂದ ಇಣುಕಿದಳು.

“ರೋಸವ್ವ ಎಲ್ಲಿ?”

“ಒಳಗ ಅದಾಳಲ್ಲ. ಭಾಂಡಿ ತಿಕ್ಕಾಕತ್ತಾಳ.”

“ಮತ್ತ ಗಾಡಿ ಯಾರ್ ತಂದ್ರು?”

“ನಾನ ತಂದೀನಿ.”

ಅವಳು ನನ್ನನ್ನೇ ನೋಡಿದಳು. ಹೊಗಳಲಿಲ್ಲ, ಹಳೆಯದನ್ನು ಎತ್ತಲಿಲ್ಲ. ಒಳಗೆ ಹೋದಳು. ಬೇಸರವಾಯಿತೇನೋ ಎಂದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಮತ್ತೆ ಕಾಣಿಸಿಕೊಂಡಳು. ಸಂತೆಗೆ ಉಡುವ ಹಸಿರು ಸೀರೆ, ಕಾಲಲ್ಲಿ ಚಪ್ಪಲಿ. ಹಿಂದಿನ ಬಾಗಿಲು ತೆರೆಯಲು ನಾನು ಇಳಿಯುತ್ತಿದ್ದೆ.

“ಇರಲಿ ಕುಂಡ್ರು,” ಎಂದು ಮುಂದಿನ ಬಾಗಿಲನ್ನು ತಾನೇ ತೆರೆದು, ಸೀರೆಯ ನೆರಿಗೆ ಒಟ್ಟುಮಾಡಿಕೊಂಡು, ಸೆರಗನ್ನು ಮುಖಕ್ಕೆ ಎಳೆಯದೆ ನನ್ನ ಪಕ್ಕದಲ್ಲಿ ಕೂತಳು.

“ನಡಿ. ಅಕ್ಕಲಕೋಟಕ್ಕ ಹೋಗಿ ಬೀರೂನ ಅಂಗಡಿ ನೋಡಿ ಬರೂಣು. ನಾ ಇನ್ನಾ ನೋಡೇ ಇಲ್ಲ.”